ಬಿಲ್ಲು ಬಗ್ಗಿಸಿದವರು ಯಾರು?

"ಪೇಟೆ ಬಿಲ್ಲಾ? ನನ್ ಮಗಳಿಗಾ? ನಾನು ಬದುಕಿರೋವಾಗ್ಲಾ?"

ಮೂರು ಪ್ರಶ್ನೆಗಳನ್ನು ಒಂದೇ ಉಸಿರಿಗೆ ಎಸೆದು ತಿಮ್ಮರಾಜು ಇಡ್ಲಿ ತಟ್ಟೆ ಪಕ್ಕಕ್ಕೆ ತಳ್ಳಿ ಎದ್ದು ನಿಂತಾಗಲೇ ಅವನ ಹೆಂಡತಿ ಶಶಿಕಲಾಳಿಗೆ ಗೊತ್ತಾಗಿಹೋಯಿತು, ಇನ್ನು ಈ ಮನೆಯಲ್ಲಿ ಕೆಲವು ದಿನ ನೆಮ್ಮದಿ ಇಲ್ಲ ಅಂತ.

ವಿಷಯ ಇಷ್ಟೇ. ಮಗಳು ಶಾಲಿನಿ ಹತ್ತನೇ ಕ್ಲಾಸು, ಶಾಲೆಯಲ್ಲಿ ಬಿಲ್ವಿದ್ಯೆ ಕಲಿಯುತ್ತಿದ್ದಳು. ಇನ್ನು ಮೂರು ವಾರಕ್ಕೆ ಸೇಲಂನಲ್ಲಿ ಜಿಲ್ಲಾ ತಂಡದ ಸೆಲೆಕ್ಷನ್. ಮರದ ಬಿಲ್ಲೇ ಬೇಕು. ಶಾಲೆಯಲ್ಲಿದ್ದ ಒಂದೇ ಒಂದು ಬಿಲ್ಲು ಬಿರುಕು ಬಿಟ್ಟು ಕೂತಿತ್ತು. ಶಶಿಕಲಾಳ ತಮ್ಮ ಪ್ರಭು ಪಕ್ಕದೂರಿನ ಶಾಲೆಯಲ್ಲಿ ಪಿ.ಟಿ. ಮಾಸ್ಟರು. ಪಾಪ, "ಮಾವಾ, ನಾನೇ ಪೇಟೆಯಿಂದ ಒಂದು ತಂದ್ಕೊಡ್ತೀನಿ" ಅಂದುಬಿಟ್ಟ. ಅದೇ ತಪ್ಪಾಯಿತು! ಬಿಲ್ಲು ತಾನೇ ಮಾಡುತ್ತೇನೆ ಅಂತ ಹಟ ಹಿಡಿದ ತಿಮ್ಮರಾಜು.

"ನೆಟ್ಟಗೆ ಒಂದು ಮೊಳೆ ಒಡ್ಯಕ್ಕೆ ಬರಲ್ಲ ನಿಂಗೆ, ಬಿಲ್ಲು ಮಾಡ್ತೀಯಾ ಮಾವಾ?" ಅಂದಳು ಶಶಿಕಲಾ.

"ಅನ್ನೊಂದು ವಿಡಿಯೋ ನೋಡಿದ್ದೀನಿ ಕಣೇ! ಅದ್ರಲ್ಲಿ ಒಂದನ್ನ ಎರಡು ಸಲ!"

"ನೋಡಿದ್ರೆ ಆಯ್ತಾ?"

"ಸೆಲೆಕ್ಷನ್ ಒತ್ತಿಗೆ ನನ್ ಬಿಲ್ಲು ರೆಡಿ ಆಗ್ಲಿಲ್ಲಾಂದ್ರೆ ಪೂರಾ ಒಂದು ವರ್ಷ ನಿಮ್ಮವ್ವನ ಮೇಕೆಗೆ ನಾನೇ ಸೊಪ್ಪು ತರ್ತೀನಿ. ಸತ್ಯ!"

ನಿಮ್ಮವ್ವ ಅಂದರೆ ಯಲ್ಲಮ್ಮ. ತಿಮ್ಮರಾಜುವಿನ ಸ್ವಂತ ಅಕ್ಕ. ಅಕ್ಕನ ಮಗಳನ್ನೇ ಕಟ್ಟಿಕೊಂಡವನಿಗೆ ಅಕ್ಕನೂ ಅವಳೇ, ಅತ್ತೆಯೂ ಅವಳೇ. ಬೈಯುವುದಕ್ಕೆ ಎರಡು ಕಡೆಯಿಂದಲೂ ಹಕ್ಕಿದ್ದವಳು. ಅವಳ ಮನೆ ಪಕ್ಕದ್ದೇ, ಹಿತ್ತಲು ಒಂದೇ, ಕೊಟ್ಟಿಗೆಯೂ ಒಂದೇ. ಆ ಕೊಟ್ಟಿಗೆಯಲ್ಲಿ ಅವಳ ಆರು ಮೇಕೆ.

ಮಾರನೆಯ ದಿನವೇ ತಿಮ್ಮರಾಜು ಪಾಲಮಲೆಗೆ ಹೋಗಿ, ಅಲ್ಲಿನ ನೆಂಟ ಮಾರಿಯಪ್ಪ ಅಟ್ಟದ ಮೇಲೆ ಎರಡು ವರ್ಷದಿಂದ ಒಣಗಿಸಿಟ್ಟಿದ್ದ ತಡಸಲು ಮರದ ಕೋಲೊಂದನ್ನು ಹೆಗಲ ಮೇಲೆ ಹೊತ್ತು ತಂದ. ಎತ್ತರ ಅವನಿಗಿಂತ ಒಂದು ಗೇಣು ಹೆಚ್ಚು. ಬಸ್ಸಿನಲ್ಲಿ ಮೂವರ ತಲೆಗೆ ಬಡಿಯಿತು, ಮೂವರೂ ತಮಿಳಿನಲ್ಲಿ ಬೈದರು, ಇವನು ವಿಜಯಯಾತ್ರೆಯಿಂದ ಮರಳುವ ಮಹಾರಾಜನಂತೆ ನಕ್ಕ. ಮನೆ ಸೇರಿದವನೇ ಕೊಟ್ಟಿಗೆಯಲ್ಲಿ ಕೂತು ಬಾಚಿಯಿಂದ ಕೆತ್ತಿದ, ಗಾಜಿನ ಚೂರಿನಿಂದ ಕೀಸಿದ. ನಾಲ್ಕನೆಯ ಸಂಜೆಗೆ ಕೋಲು ಬಿಲ್ಲಿನ ರೂಪಕ್ಕೆ ಬಂತು. ನಡುವೆ ಹಿಡಿ, ಅತ್ತಿತ್ತ ಎರಡು ತೋಳು.

ಇಲ್ಲಿ ಒಂದು ಮರ್ಮ ಇದೆ. ಎರಡು ತೋಳೂ ಒಂದೇ ಸಮ ಬಾಗಬೇಕು. ಅದಕ್ಕೆ ಬಿಲ್ಲಿನ ನಡುವನ್ನು ತೊಲೆಗೆ ಸಿಕ್ಕಿಸಿ, ತುದಿಯಿಂದ ತುದಿಗೆ ಹಗ್ಗ ಕಟ್ಟಿ, ಆ ಹಗ್ಗವನ್ನು ಶಾಲಿನಿ ಕೆಳಕ್ಕೆ ಎಳೆಯಬೇಕು. ಅಪ್ಪ ಹತ್ತು ಹೆಜ್ಜೆ ದೂರ ನಿಂತು ಒಂದು ಕಣ್ಣು ಮುಚ್ಚಿ ನೋಡಬೇಕು. ಎಲ್ಲಿ ಗಟ್ಟಿಯಿದೆಯೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿ ಕೀಸಬೇಕು. ಅಡ್ಡಗೀಟು, ಸುಳಿ, ಗುಣಾಕಾರದ ಚಿಹ್ನೆ, ಎಲ್ಲ ಹಾಕಿದ. ಕತ್ತಲಾಗುವ ಹೊತ್ತಿಗೆ ಎರಡು ತೋಳೂ ಸಮ! ತಿಮ್ಮರಾಜು ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಲು ನೋಡಿದ, ಕೈ ಎಟುಕಲಿಲ್ಲ.

ಮರುದಿನ ಸಂಜೆ ಕೆಲಸದಿಂದ ಬಂದು ನೋಡಿದರೆ ಮೇಲಿನ ತೋಳು ಸೊಟ್ಟ!

"ನಾನು ಸರಿಯಾಗೇ ಬಿಟ್ಟೋಗಿದ್ನಲ್ಲಾ!" ಅನ್ನುತ್ತಾ ಕೆಳಗಿನ ತೋಳನ್ನು ಕೀಸಿ ಸಮ ಮಾಡಿದ. ಅದರ ಮರುದಿನ ಮತ್ತೆ ಮೇಲಿನದೇ ಸೊಟ್ಟ. ಮತ್ತೆ ಕೆಳಗಿನದನ್ನು ಕೀಸಿದ. ಮೂರನೆಯ ದಿನವೂ ಅದೇ ಕಥೆ. ಸಾಲದ್ದಕ್ಕೆ ಮೇಲಿನ ತುದಿಯಲ್ಲಿ ಹಗ್ಗ ಬಿಗಿದು ಉಜ್ಜಿದ ಗಾಯ! ಅವನು ಕಟ್ಟಿದ ಹಗ್ಗದ ಗುರುತಲ್ಲ ಅದು.

ತಿಮ್ಮರಾಜು ಮೇಚೇರಿ ಬಸ್ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್. ಇಪ್ಪತ್ತು ವರ್ಷದಿಂದ ಡ್ರೈವರುಗಳ ಸುಳ್ಳು ಕೇಳಿ ಕೇಳಿ, ಸೂರ್ಯ ಹುಟ್ಟಿದರೂ ಗಡಿಯಾರ ನೋಡಿ ತಾಳೆ ಹಾಕುವ ಆಸಾಮಿ. ಅಂಥವನ ಮನೆಯಲ್ಲೇ ಈ ಅನ್ಯಾಯವೇ? ಅವನ ಹುಬ್ಬು ಮೇಲೇರಿತು, ಇಳಿಯಲೇ ಇಲ್ಲ.

"ಶಶೀ, ಅಗಲೊತ್ತು ಕೊಟ್ಗೆಗೆ ಯಾರು ಬರ್ತಾರೆ?"

"ಮೇಕೆ ಬರ್ತಾವೆ."

"ಮನುಷ್ಯರು?"

"ನಾನು ಮನುಷ್ಯಳು ಅಂತ ನೀನು ಒಪ್ಕೊಂಡ್ರೆ, ನಾನು ಬರ್ತೀನಿ. ಮೇಕೆ ಇಕ್ಕೆ ಬಾಚಕ್ಕೆ."

"ನಿನ್ ತಮ್ಮ ಬಂದಿದ್ನಾ?"

ಶಶಿಕಲಾ ಕೈಯಲ್ಲಿದ್ದ ಸೌಟನ್ನು ನಿಧಾನವಾಗಿ ಕೆಳಗಿಟ್ಟಳು. "ನನ್ ತಮ್ಮನ ಮೇಲೆ ಸಂದೇಗಮಾ ನಿಂಗೆ?"

ಸಂದೇಹವೇ! ಅಲ್ಲದೆ ಮತ್ತಿನ್ನೇನು? ಪ್ರಭು ದಿನಾ ಬಂದು "ಎಲ್ಲೀಗ್ ಬಂತು ಮಾವಾ ಬಿಲ್ಲು?" ಅಂತ ಕೇಳುವುದು ಯಾಕೆ? ಕೇಳಿ ನಗುವುದು ಯಾಕೆ? ಪೇಟೆ ಬಿಲ್ಲು ತರುವ ಯೋಗ ತಪ್ಪಿತಲ್ಲ, ಅದಕ್ಕೆ ಹಗಲು ಬಂದು ಹಗ್ಗ ಬಿಗಿದು ಜಗ್ಗಿ ಹಾಳು ಮಾಡುತ್ತಿದ್ದಾನೆ! ತಿಮ್ಮರಾಜು ಮನಸ್ಸಿನಲ್ಲೇ ಎಫ್.ಐ.ಆರ್. ಬರೆದು ಸಹಿ ಹಾಕಿದ. ಕೊಟ್ಟಿಗೆಯ ಬಾಗಿಲಲ್ಲಿ ಬೂದಿ ಚೆಲ್ಲಿ ಹೋದ, ಹೆಜ್ಜೆ ಮೂಡಲಿ ಅಂತ. ಸಂಜೆ ನೋಡಿದರೆ ಮೇಕೆಗಳು ಎಲ್ಲ ತುಳಿದುಹಾಕಿ, ಇಪ್ಪತ್ನಾಲ್ಕು ಗೊರಸಿನ ಗುರುತು ಮಾತ್ರ ಉಳಿದಿತ್ತು.

ಅತ್ತ ಯಲ್ಲಮ್ಮನ ಮುಖವೂ ಸರಿಯಿರಲಿಲ್ಲ. ಜಗಲಿಯ ಮೇಲೆ ಕೂತು ಎಲೆಯಡಿಕೆ ಜಗಿಯುತ್ತಾ, "ಲೇ ತಿಮ್ಮಾ, ನಮ್ ಇತ್ಲಿಗೆ ಯಾವನೋ ಬರ್ತಾವ್ನೆ ಕಣ್ಲಾ. ನನ್ ಸಾಮಾನು ದಿನಾ ಸವೀತಾ ಐತೆ" ಅಂದಳು.

"ಅಕ್ಕಾ, ನನ್ ತಲೆನೋವೇ ನಂಗೆ ಸಾಕಾಗೈತೆ, ಸುಮ್ನಿರು" ಅಂದ ಇವನು. ಯಾವ ಸಾಮಾನು ಅಂತ ಕೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕೇಳಲಿಲ್ಲ ಪುಣ್ಯಾತ್ಮ!

ಸೆಲೆಕ್ಷನ್ನಿಗೆ ಮೂರು ದಿನ ಉಳಿದಿತ್ತು. ಗುರುವಾರ ಸಂಜೆ ಬಿಲ್ಲು ಕೈಗೆತ್ತಿಕೊಂಡವನು ಹಾವು ಮುಟ್ಟಿದಂತೆ ಕೈಬಿಟ್ಟ. ಬಿಲ್ಲಿನ ನಡುವಿಗೆ ಅರಿಶಿನದ ದಾರ! ದಾರಕ್ಕೆ ಬೇವಿನ ಎಲೆ! ಅವನ ಪೆನ್ಸಿಲ್ ಗುರುತುಗಳ ಮೇಲೆಲ್ಲ ಮೂರು ಬೆರಳಿನ ವಿಭೂತಿ!

"ಮಾಟ! ಶಶೀ, ಮಾಟ ಮಾಡ್ಸವ್ನೆ ನಿನ್ ತಮ್ಮ!"

ಕರೆಸಿದರು ಪ್ರಭುವನ್ನು. ಅವನು ಕೊರಳಲ್ಲಿ ಸೀಟಿ ತೂಗುಹಾಕಿಕೊಂಡೇ ಓಡಿಬಂದ.

"ಮಾವಾ, ನಾನು ಪಿ.ಟಿ. ಮಾಸ್ಟರು, ಮಂತ್ರವಾದಿ ಅಲ್ಲ!"

"ಅಂಗಾರೆ ಈ ದಾರ?"

"ನಂಗೇನ್ ಗೊತ್ತು? ನಿಮ್ ಬಿಲ್ಲು ನೋಡಿ ಆ ದೇವ್ರಿಗೇ ಅಯ್ಯೋ ಅನ್ಸಿರ್ಬೇಕು!"

ಪ್ರಭು ಸಿಟ್ಟಿನಲ್ಲಿ ಹೊರಟುಹೋದ. ಅಂದಿನಿಂದ ಶಶಿಕಲಾ ಮಾತು ಬಿಟ್ಟಳು. ಸಾರಿಗೆ ಉಪ್ಪು ಹಾಕುವುದನ್ನೂ ಬಿಟ್ಟಳು. ಶಾಲಿನಿ ಮಾತ್ರ ಮೂಲೆಯಲ್ಲಿ ನಿಂತು, "ಅಪ್ಪಾ, ನಂಗೆ ಯಾವ ಬಿಲ್ಲಾದ್ರೂ ಪರ್ವಾಗಿಲ್ಲ, ಒಂದು ಬಿಲ್ಲು ಬೇಕು ಅಷ್ಟೇ" ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ಆದರೂ ತಿಮ್ಮರಾಜುವಿಗೆ ಸೋಲೊಪ್ಪಲು ಮನಸ್ಸು ಬರಲಿಲ್ಲ.

ಶನಿವಾರ ರಜೆ ಹಾಕಿದ. ಯೂನಿಫಾರ್ಮು ತೊಟ್ಟು, ಬ್ಯಾಗು ಹಿಡಿದು, ಎಲ್ಲರಿಗೂ ಕೇಳುವಂತೆ "ಬರ್ತೀನಿ" ಅಂದು ಬೀದಿಯ ಕೊನೆಯವರೆಗೂ ಹೋಗಿ, ಬೇಲಿ ನುಸುಳಿ ಹಿಂದಿನಿಂದ ಕೊಟ್ಟಿಗೆ ಸೇರಿ ಹುಲ್ಲಿನ ರಾಶಿಯ ಹಿಂದೆ ಅಡಗಿದ. ಒಂದು ಮೇಕೆ ಬಂದು ಅವನ ಬ್ಯಾಗಿನ ಪಟ್ಟಿ ತಿನ್ನತೊಡಗಿತು. ಇವನು ಉಸಿರೆತ್ತಲಿಲ್ಲ.

ಹತ್ತು ಗಂಟೆಗೆ ಹೆಜ್ಜೆ ಸಪ್ಪಳ ಕೇಳಿಸಿತು.

ಬಂದವಳು ಯಲ್ಲಮ್ಮ! ಸೀರೆ ಎತ್ತಿಕಟ್ಟಿದ್ದಳು. ಸೀದಾ ಬಂದು ಬಿಲ್ಲನ್ನು ತೆಗೆದುಕೊಂಡಳು, ಸೊಂಟದಿಂದ ಕುಡುಗೋಲು ತೆಗೆದು ಮೇಲಿನ ತುದಿಗೆ ಹಗ್ಗದಿಂದ ಬಿಗಿದಳು, ಹಿತ್ತಲ ಬೇವಿನ ಮರದ ಕೆಳಗೆ ಹೋಗಿ ಕೊಂಬೆಗೆ ಸಿಕ್ಕಿಸಿ ಮೈಭಾರವನ್ನೆಲ್ಲ ಹಾಕಿ ಪಕ್ಕಕ್ಕೆ ಜಗ್ಗಿದಳು. ಬಿಲ್ಲು ಬಾಗಿತು. ಇನ್ನೂ ಬಾಗಿತು. ಪಟಾರನೆ ಕೊಂಬೆ ಬಿತ್ತು. ಆರೂ ಮೇಕೆ ಓಡಿದವು.

"ಅಕ್ಕಾ!" ಅಂತ ಕಿರುಚಿ ತಿಮ್ಮರಾಜು ಹುಲ್ಲಿನಿಂದ ಹಾರಿದ.

"ಅಯ್ಯೋ ಕಳ್ಳ! ಕಳ್ಳ ಕಣ್ರೋ!" ಅಂತ ಯಲ್ಲಮ್ಮ ಬೇವಿನ ಕೊಂಬೆಯಿಂದಲೇ ನಾಲ್ಕು ಬಾರಿಸಿದ ಮೇಲೆ ಮುಖ ನೋಡಿದಳು. "ನೀನಾ? ದಿನಾ ಬಂದು ನನ್ ದೋಟಿ ಕೀಸ್ತಿದ್ದ ಕಳ್ಳ ನೀನೇನ್ಲಾ?"

"ದೋಟಿನಾ? ಅದು ಬಿಲ್ಲು ಅಕ್ಕಾ!"

"ಯಾವ್ ಬಿಲ್ಲು? ಸೊಪ್ಪು ಎಳ್ಯೋ ದೋಟಿ ಮುರ್ದೋಯ್ತು, ಒಂದು ಮಾಡ್ಕೊಡ್ಲಾ ಅಂತ ದೀಪಾವಳಿಯಿಂದ ಬಡ್ಕೊಂಡಿದ್ದೀನಿ. ಕೋಲು ತಂದು ಕೆತ್ತಕ್ಕೆ ಕೂತ್ಯಲ್ಲ, ನಂಗೇ ಅಂತ ತಿಳ್ಕೊಂಡೆ. ನನ್ ತಮ್ಮ ಮಾಡ್ಕೊಟ್ಟ ಅಂತ ಬೀದಿಗೆಲ್ಲ ಏಳ್ಕೊಂಡ್ ಬಂದೆ ಕಣ್ಲಾ."

"ಅಂಗಾರೆ ಆ ದಾರ? ಇಬೂತಿ?"

"ಮತ್ತೆ? ದಿನಾ ಸಣ್ಣಗಾಯ್ತಾ ಐತೆ, ಮೈತುಂಬಾ ಏನೇನೋ ಚಿತ್ರ ಬರ್ದೈತೆ! ಯಾವನೋ ಮಾಟ ಮಾಡವ್ನೆ ಅಂತ ಪೂಜಾರಪ್ಪನ ತಾವ ಮಂತ್ರಿಸ್ಕೊಂಡ್ ಬಂದೆ."

ತಿಮ್ಮರಾಜುವಿಗೆ ನಾಚಿಕೆಯಾಯಿತು, ನಿಜವಾಗಿಯೂ ಆಯಿತು. ದೀಪಾವಳಿಯಿಂದ ಅವಳು ಕೇಳಿದ್ದು ಹತ್ತು ಸಲವಾದರೂ ಇರಬೇಕು, ಒಂದು ಸಲವೂ ಇವನ ಕಿವಿಗೆ ಬಿದ್ದಿರಲಿಲ್ಲ.

ಗಲಾಟೆ ಕೇಳಿ ಶಶಿಕಲಾ ಓಡಿಬಂದಳು, ಶಾಲಿನಿ ಬಂದಳು, ಫೋನ್ ಹೋಗಿ ಪ್ರಭುವೂ ಬಂದ. ಕೊನೆಯ ಆಸೆಯಿಂದ ತಿಮ್ಮರಾಜು ಕುಡುಗೋಲು ಬಿಚ್ಚಿ, ಬಿಲ್ಲಿಗೆ ಹೆದೆ ಏರಿಸಿ ಮಗಳ ಕೈಗೆ ಕೊಟ್ಟ. ಶಾಲಿನಿ ಎಳೆದಳು. ಹಗಲೆಲ್ಲ ಅಕ್ಕ ಜಗ್ಗಿ, ಸಂಜೆಯೆಲ್ಲ ತಮ್ಮ ಕೀಸಿ, ಆ ಬಿಲ್ಲಿನಲ್ಲಿ ಜೀವ ಉಳಿದಿರಲಿಲ್ಲ. ಬಾಣ ಆರಡಿ ಹೋಗಿ ಮೇಕೆಯ ಮುಂದೆ ಮೆಲ್ಲಗೆ ಮಲಗಿತು. ಮೇಕೆ ಅದನ್ನು ಮೂಸಿ ನೋಡಿ ಬೇವಿನ ಸೊಪ್ಪಿಗೇ ವಾಪಸು ಹೋಯಿತು.

ಪ್ರಭು ಹೊರಗೆ ಹೋಗಿ, ಬೈಕಿನಿಂದ ಉದ್ದನೆಯ ಚೀಲ ಬಿಚ್ಚಿ ತಂದ. ಒಳಗೆ ಪೇಟೆ ಬಿಲ್ಲು! ಮೂರು ವಾರದ ಹಿಂದೆಯೇ ತಂದಿಟ್ಟಿದ್ದನಂತೆ. ದಿನಾ ಬಂದು "ಎಲ್ಲೀಗ್ ಬಂತು" ಅಂತ ಕೇಳುತ್ತಿದ್ದದ್ದು ಅದಕ್ಕೇ. ಮಾವನ ಮಾನ ಹೋಗದ ಹಾಗೆ ಕೊಡುವುದು ಹೇಗೆ ಅಂತ ತಿಳಿಯದೆ ಸುಮ್ಮನಿದ್ದನಂತೆ. ತಿಮ್ಮರಾಜು ತಲೆ ತಗ್ಗಿಸಿ ಬಾಗಿಲ ಬೂದಿ ನೋಡಿದ.

ಭಾನುವಾರ ಶಾಲಿನಿ ಸೆಲೆಕ್ಟ್ ಆದಳು. ಸೋಮವಾರ ಬೆಳಿಗ್ಗೆ ಶಶಿಕಲಾ ಸಾರಿಗೆ ಉಪ್ಪು ಹಾಕಿ, ಗಂಡನ ಮುಂದೆ ಬಂದು ನಿಂತು ಒಂದೇ ಮಾತು ಹೇಳಿದಳು. "ನೀನು ಸತ್ಯ ಅಂದಿದ್ದೆ ಮಾವಾ."

ತಿಮ್ಮರಾಜು ಕುಡುಗೋಲು ತೆಗೆದುಕೊಂಡ. ತನ್ನ ಬಿಲ್ಲಿಗೇ ಕಟ್ಟಲು ನೋಡಿದ. ಯಲ್ಲಮ್ಮ ಒಂದು ಸಲ ಬಗ್ಗಿಸಿ ನೋಡಿ ತಲೆಯಾಡಿಸಿದಳು, ಇಷ್ಟು ಬಾಗುವುದು ದೋಟಿಗೂ ಆಗದು ಅಂತ. ಕೊನೆಗೆ ಪ್ರಭುವೇ ಸೇಲಂನಿಂದ ಬರುವಾಗ ತಂದಿದ್ದ ಕಬ್ಬಿಣದ ಪೈಪಿನ ದೋಟಿ ಕೈಗೆ ಬಂತು. ಪೇಟೆಯದು!

ಅದನ್ನು ಹೆಗಲಿಗೇರಿಸಿ ಬೇವಿನ ಮರದತ್ತ ನಾಲ್ಕು ಹೆಜ್ಜೆ ಇಟ್ಟಿದ್ದ, ಬೆನ್ನ ಹಿಂದೆ ಯಾರೋ ಬರುತ್ತಿರುವುದು ಗೊತ್ತಾಯಿತು. ತಿರುಗಿ ನೋಡಿದರೆ ಯಲ್ಲಮ್ಮ. ಕಣ್ಣು ಕಿರಿದು ಮಾಡಿ ಅವನ ಎರಡು ಕೈಗಳನ್ನೇ ನೋಡುತ್ತಿದ್ದಳು.

"ಯಾಕಕ್ಕಾ, ಸೊಪ್ಪು ತರಕ್ಕೆ ನಂಗೆ ಬರಲ್ವಾ?"

"ಬರ್ತೈತೆ, ಓಗು. ಮೊದ್ಲು ಜೇಬಲ್ಲಿರೋ ಆ ಗಾಜಿನ ಚೂರು ಇಲ್ಲಿ ಕೊಟ್ಟೋಗು!"