ಚಿಕ್ಕಪ್ಪನ ಬೆಂಕಿ ಗೂಡು

ನಮ್ಮ ಚಿಕ್ಕಪ್ಪನ ಕಿವಿಗಳನ್ನು ಕಣ್ಣಾರೆ ಕಂಡವರು ಶಿಡ್ಲಘಟ್ಟದಲ್ಲಿ ಹೆಚ್ಚು ಜನ ಇಲ್ಲ. ಅವು ಇವೆಯೋ ಇಲ್ಲವೋ ಎಂದು ಪಂಥ ಕಟ್ಟುವವರೂ ಇದ್ದಾರೆ! ಕಾರಣ, ಅವರ ತಲೆಯ ಮೇಲೆ ಹನ್ನೆರಡು ತಿಂಗಳೂ ಕೂತಿರುವ ಮಂಕಿ ಕ್ಯಾಪು. ಒಂದು ಕಾಲಕ್ಕೆ ಕಾಫಿಪುಡಿಯ ಬಣ್ಣದ್ದಾಗಿದ್ದ ಅದು ಈಗ ಯಾವ ಬಣ್ಣದ್ದೆಂದು ಹೇಳುವ ಧೈರ್ಯ ನನಗಿಲ್ಲ.

ನನ್ನ ಮದುವೆ ನಡೆದದ್ದು ಮೇ ತಿಂಗಳ ಉರಿಬಿಸಿಲಿನಲ್ಲಿ. ಹೋಮದ ಶಾಖಕ್ಕೆ ಪುರೋಹಿತರೇ ಬೆವರಿನಲ್ಲಿ ಮಂಗಳಸ್ನಾನ ಮಾಡುತ್ತಿದ್ದರೆ, ಪಕ್ಕದಲ್ಲಿ ಚಿಕ್ಕಪ್ಪ ಕ್ಯಾಪು, ಸ್ವೆಟರು, ಅದರ ಮೇಲೊಂದು ಶಾಲು ಹೊದ್ದು ನಿಂತು, "ಯಾರಾದ್ರೂ ಆ ಫ್ಯಾನ್ ಆರಿಸ್ರಪ್ಪ, ಗಾಳಿ ಹೊಡೀತಿದೆ" ಎನ್ನುತ್ತಿದ್ದರು. ಆಮೇಲೆ ಆಲ್ಬಮ್ ನೋಡಿದ ನಮ್ಮ ಅತ್ತೆಯವರು, ಪ್ರತಿ ಫೋಟೋದಲ್ಲೂ ಬರೀ ಎರಡು ಕಣ್ಣು ತೋರಿಸಿಕೊಂಡು ನಿಂತ ಆಕೃತಿಯನ್ನು ದಿಟ್ಟಿಸಿ, "ಇವರು ಛತ್ರದ ವಾಚ್‌ಮನ್ನಾ?" ಎಂದು ಕೇಳಿದರು.

ಇಂಥವರು ಹಿಂದೆ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದರು ಎಂದರೆ ನೀವು ನಂಬುವುದಿಲ್ಲ. ಮಾಗಿಯ ಮಂಜಿನಲ್ಲಿ, ಬರೀ ಬನಿಯನ್, ಚಡ್ಡಿಯಲ್ಲಿ ಮೈದಾನದ ಸುತ್ತ ಓಡುತ್ತ, ಹಿಂದೆ ಬೀಳುವ ಹುಡುಗರನ್ನು "ಚಳಿ ಅನ್ನೋದು ಸೋಮಾರಿಗಳು ಕಟ್ಟಿದ ಕಥೆ ಕಣ್ರೋ!" ಎಂದು ಗದರುತ್ತಿದ್ದ ಮನುಷ್ಯ. ನಿವೃತ್ತಿಯಾಗಿದ್ದೇ ತಡ, ಆ ಕಥೆಯನ್ನು ತಾವೇ ಮುಂದುವರಿಸತೊಡಗಿದರು!

ಚಿಕ್ಕಮ್ಮ ಇದಕ್ಕೆ ಪೂರಾ ವಿರುದ್ಧ. ಆಕೆಗೆ ಚಳಿಯೂ ಇಲ್ಲ, ಸೆಕೆಯೂ ಇಲ್ಲ, ಹಸಿವು ನಿದ್ದೆ ಇವೆಯೋ ಇಲ್ಲವೋ ಅನುಮಾನ. ಏನು ಕೇಳಿದರೂ "ನಂಗೇನಾಗಿದೆ?" ಎಂಬ ಒಂದೇ ಉತ್ತರ. ಚಿಕ್ಕಂದಿನಿಂದ ತವರಿನಲ್ಲಿ, ಮದುವೆಯಾದ ಮೇಲೆ ನಮ್ಮ ಹಿತ್ತಲ ಶೆಡ್ಡಿನಲ್ಲಿ, ರೇಷ್ಮೆ ಗೂಡು ಬೇಯಿಸಿ ನೂಲು ತೆಗೆದ ಕೈ ಆಕೆಯದು. ಸುಡುವ ನೀರಿನಲ್ಲಿ ಬೆರಳಾಡಿಸಿ ಎಳೆ ಹುಡುಕಿ ಹುಡುಕಿ ಆ ಬೆರಳುಗಳ ಗೆಣ್ಣುಗಳೆಲ್ಲ ದಪ್ಪಗಾಗಿವೆ. ಚಳಿಗಾಲ ಬಂತೆಂದರೆ ಮಡಿಸಿದ ಕೈ ಬಿಚ್ಚುವುದಿಲ್ಲ, ಬಿಚ್ಚಿದ್ದು ಮಡಿಸುವುದಿಲ್ಲ. ಯಾರಾದರೂ ನೋಡಿದರೆ ತಕ್ಷಣ ಸೆರಗಿನೊಳಗೆ ಸೇರಿಸಿಬಿಡುತ್ತಾಳೆ. ಇನ್ನು ಸುಮ್ಮನೆ ಕೂರುವುದಂತೂ ಆಕೆಯ ಜಾತಕದಲ್ಲೇ ಇಲ್ಲ. ಟಿವಿ ನೋಡಲು ಕೂರಿಸಿದರೂ ಮಡಿಲಲ್ಲಿ ಅವರೆಕಾಯಿ ಇರಬೇಕು.

ಹೀಗಿರುವಾಗ ಚಿಕ್ಕಪ್ಪನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಮಗುವಿನ ನಾಮಕರಣವನ್ನು ನಂದಿಬೆಟ್ಟದ ತಪ್ಪಲಿನ ರೆಸಾರ್ಟೊಂದರಲ್ಲಿ ಇಟ್ಟುಕೊಂಡ. ಚಿಕ್ಕಮ್ಮನ ಜೊತೆ ಅಲ್ಲಿಗೆ ಹೋಗಿಬಂದ ಚಿಕ್ಕಪ್ಪ ಮಗುವಿನ ಹೆಸರನ್ನೇ ಮರೆತುಬಿಟ್ಟಿದ್ದರು. "ಗೋಡೆ ಒಳಗೆ ಬೆಂಕಿ ಉರಿಯುತ್ತೆ ಕಣೇ! ಹಾಲ್‌ನಲ್ಲಿ! ನಮ್ಮ ಹೊಸ ಮನೇಲೂ ಒಂದು ಮಾಡಿಸ್ತೀನಿ" ಎಂದು ನನಗೆ ಫೋನಿನಲ್ಲೇ ಘೋಷಿಸಿದರು. ಆಗ ಅವರ ಹೊಸ ಮನೆಯ ಗೋಡೆಗಳು ಕಿಟಕಿ ಮಟ್ಟಕ್ಕೆ ಬಂದಿದ್ದವು.

ಗಡಿಯಾಚೆಯಿಂದ ಬಂದ ತೆಲುಗು ಮೇಸ್ತ್ರಿಗೆ ಇದನ್ನು ತಿಳಿಸುವುದೇ ಒಂದು ಯಜ್ಞವಾಯಿತು.

"ಇಲ್ಲೊಂದು ಫೈರ್ ಪ್ಲೇಸ್ ಬರ್ಬೇಕಪ್ಪ."

"ಫೈರ್ ಪೊಲೀಸಾ? ಮನೆಲೋಕಿ ಅವರನ್ನ ಯಾಕೆ ಕರೀತೀರ ಸಾಮಿ?"

"ಪೊಲೀಸಲ್ಲಯ್ಯ, ಒಲೆ! ಒಲೆ ಥರದ್ದು."

"ಇದಿ ಹಾಲ್ ಕದಾ ಸಾಮಿ? ಹಾಲ್‌ನಲ್ಲಿ ಒಲೆ ಎಂದುಕು?"

"ಚಳಿಗೆ."

ಮೇಸ್ತ್ರಿ ಅವರನ್ನು ಕ್ಯಾಪಿನಿಂದ ಕಾಲುಚೀಲದವರೆಗೆ ನೋಡಿ, "ಚಳಿಗೆ ಇನ್ನೊಂದು ಕಂಬಳಿ ಲೇದಾ?" ಎಂದ.

ಇಂಗ್ಲಿಷ್ ಪದದ ಸಹವಾಸವೇ ಬೇಡವೆಂದು ಚಿಕ್ಕಪ್ಪ ಅದಕ್ಕೆ ಅಚ್ಚ ಕನ್ನಡದಲ್ಲಿ ಹೆಸರಿಟ್ಟರು: ಬೆಂಕಿ ಗೂಡು. ಆಡಿ ಆಡಿ ಅದು ಬರೀ ಗೂಡಾಯಿತು. ಅಲ್ಲೇ ಆದದ್ದು ಎಡವಟ್ಟು! ಬೇರೆ ಊರಿನಲ್ಲಿ ಗೂಡು ಎಂದರೆ ಗುಬ್ಬಿಯದಿರಬಹುದು, ದೀಪದ್ದಿರಬಹುದು. ಶಿಡ್ಲಘಟ್ಟದಲ್ಲಿ ಕೂತು ಗೂಡು ಎಂದರೆ ರೇಷ್ಮೆಯದಲ್ಲದೆ ಇನ್ಯಾವುದು? ಇವರೋ ಮಾರುಕಟ್ಟೆ ರಸ್ತೆಯ ಟೀ ಅಂಗಡಿಯಲ್ಲಿ ನಿಂತು, ಸ್ಪೀಕರ್ ಫೋನಿನಲ್ಲಿ, "ಗೂಡು ರೆಡಿಯಾಗಿದೆ ಕಣೇ, ಬಂದು ನೋಡು!" ಎಂದು ನನಗೆ ಹೇಳಿದ್ದಾರೆ. ಅದು ಪಕ್ಕದಲ್ಲಿ ಟೀ ಕುಡಿಯುತ್ತಿದ್ದ, ಗೂಡು ಕೊಂಡು ನೂಲು ತೆಗೆಸುವ ಒಬ್ಬ ರೀಲರ್ ಕಿವಿಗೆ ಬಿದ್ದಿದೆ. ನಾನು ಹೊಸ ಮನೆ ತಲುಪುವ ಹೊತ್ತಿಗೆ ಆತ ಚೀಲಗಳೊಂದಿಗೆ ಬಾಗಿಲಲ್ಲಿದ್ದ.

"ಸಾರ್, ಗೂಡಿದೆಯಂತೆ?"

"ಇದೆಯಪ್ಪ! ನಿಂಗೂ ಗೊತ್ತಾಯ್ತಾ?" ಚಿಕ್ಕಪ್ಪನ ಮುಖ ಅರಳಿತು.

"ಹಳದೀನೋ, ಬಿಳೀನೋ?"

"ಬಿಳೀದು. ಹಳದಿ ಹಾಲ್‌ಗೆ ಚೆನ್ನಾಗಿ ಕಾಣಲ್ಲ."

"ಎಷ್ಟಿರಬೋದು ಸಾರ್?"

"ನಾಲ್ಕಡಿ ಅಗಲ, ಮೂರಡಿ ಎತ್ತರ."

ರೀಲರ್ ಗಾಬರಿಯಾಗಿ, "ಒಂದೊಂದೂನಾ?" ಎಂದ!

ಒಳಗೆ ಕರೆದೊಯ್ದು ಗೋಡೆ ತೋರಿಸಿದಾಗ ಆತ ತನ್ನ ಖಾಲಿ ಚೀಲಗಳನ್ನೂ ಆ ಖಾಲಿ ಗೂಡನ್ನೂ ಒಮ್ಮೆ ನೋಡಿದ. ಚಿಕ್ಕಮ್ಮ ಫ್ಲಾಸ್ಕಿನಿಂದ ಬಗ್ಗಿಸಿ ಕೊಟ್ಟ ಕಾಫಿ ಕುಡಿದು, ಚೀಲ ಮಡಚಿಕೊಂಡು ಹೋದ. ಆಮೇಲೆ ಹಲವರು ಹೀಗೇ ಬಂದುಹೋದರಂತೆ. ಚಿಕ್ಕಮ್ಮನ ಕಾಫಿಪುಡಿ ಡಬ್ಬ ಬೇಗ ಬೇಗ ಬರಿದಾಯಿತು.

ಗೂಡೇನೋ ಆಯಿತು, ಅದರೊಳಗೆ ಉರಿಯಬೇಕಾದದ್ದು ಗ್ಯಾಸೋ ಸೌದೆಯೋ? ಗೃಹಪ್ರವೇಶದ ದಿನವೇ ಮನೆ ಎರಡು ಪಕ್ಷವಾಯಿತು. ಸೌದೆಯ ಪಕ್ಷದಲ್ಲಿ ಚಿಕ್ಕಪ್ಪ ಒಬ್ಬರೇ, ಗ್ಯಾಸಿನ ಪಕ್ಷದಲ್ಲಿ ನಾವೆಲ್ಲರೂ. ಚಿಕ್ಕಮ್ಮ ಮಾತ್ರ ಎರಡೂ ಪಕ್ಷವನ್ನು ಗುಡಿಸಿ ಹಾಕಿದಳು. "ಅರ್ಧ ಆಯಸ್ಸು ಒಲೆ ಮುಂದೇನೇ ಕೂತಿದೀನಿ. ಸೌದೆ ಸಹವಾಸ ಸಾಕು. ಹಾಕ್ಸೋದೇ ಆದ್ರೆ ಗ್ಯಾಸ್ ಹಾಕ್ಸಿ. ಏನೇ ಹಾಕ್ಸಿ, ನಾನಂತೂ ಅದ್ರ ಮುಂದೆ ಕೂರಲ್ಲ. ನಂಗೇನಾಗಿದೆ?"

ಎಲ್ಲದಕ್ಕೂ ವಾದಕ್ಕಿಳಿಯುವ ಚಿಕ್ಕಪ್ಪ ಆವತ್ತು ಕ್ಯಾಪು ಸರಿಮಾಡಿಕೊಂಡು ಎದ್ದರು. ಆಮೇಲೆ ನನ್ನನ್ನು ಮೆಟ್ಟಿಲ ಬಳಿ ಕರೆದು, "ಅವಳು ಕೂರ್ಬೇಕು ಕಣೇ. ಅವಳು ಕೂರ್ದಿದ್ರೆ ಈ ಗೂಡು ಕಟ್ಸಿದ್ದೇ ದಂಡ. ಕೂರಿಸ್ತೀನಿ, ನೋಡ್ತಿರು" ಎಂದರು. ಹೆಂಡತಿಯ ಎದುರು ಸೋಲಬಾರದೆಂಬ ಹಟ, ಇನ್ನೇನು ಎಂದುಕೊಂಡೆ.

ಚಿಕ್ಕಮ್ಮ ಮೊದಲ ಪಟ್ಟು ಹಾಕಿದ್ದು ಗಣೇಶನ ಹಬ್ಬದಲ್ಲಿ. ಗೂಡಿಗೆ ಎರಡು ಬಾಳೆಕಂದು ಕಟ್ಟಿ, ಮಾವಿನ ತೋರಣ ಬಿಟ್ಟು, ಗಣಪತಿಯನ್ನು ಅದರೊಳಗೇ ಕೂರಿಸಿಬಿಟ್ಟಳು. ನಿಜ ಹೇಳಬೇಕೆಂದರೆ ಅಷ್ಟು ಚೆಂದದ ಮಂಟಪ ಊರಿನಲ್ಲಿ ಇನ್ನೊಂದಿರಲಿಲ್ಲ. ವಿಸರ್ಜನೆಯಾದ ಮೇಲೆ, "ಸ್ವಾಮಿ ಕೂತ ಜಾಗ. ಇನ್ನು ಅಲ್ಲಿ ಬೆಂಕಿ ಹಾಕಬಾರದು" ಎಂದು ತೀರ್ಪು ಕೊಟ್ಟಳು.

"ಹೋಮದಲ್ಲಿ ಸ್ವಾಮೀನ ಬೆಂಕಿಗೇ ಕರೀತೀವಲ್ಲೇ! ಅವನಿಗೆ ಬೆಂಕಿ ಇದ್ರೇನೆ ಊಟ" ಎಂದರು ಚಿಕ್ಕಪ್ಪ. ಮಾರನೆಯ ದಿನ ಗೂಡಿನ ತುಂಬ ಚಿಕ್ಕಮ್ಮನ ಈರುಳ್ಳಿ ಇತ್ತು.

ಚಳಿ ಹತ್ತಿರ ಬರುತ್ತಿತ್ತು, ಗೂಡಿನಲ್ಲಿ ಈರುಳ್ಳಿ ಮೊಳೆಯುತ್ತಿತ್ತು. ಇನ್ನು ನಾನೇ ಮುಂದಾಗಬೇಕೆಂದು ಒಂದು ಭಾನುವಾರ ಇಬ್ಬರನ್ನೂ ಚಿಕ್ಕಬಳ್ಳಾಪುರಕ್ಕೆ ಕರೆದುಕೊಂಡು ಹೋದೆ. ರೆಸಾರ್ಟುಗಳಿಗೆ ಗ್ಯಾಸಿನ ಬೆಂಕಿ ಗೂಡು ಕೂರಿಸಿಕೊಡುವ ಒಬ್ಬನ ಅಂಗಡಿ ಅಲ್ಲಿತ್ತು. ಆತ ಒಂದು ಗುಂಡಿ ಒತ್ತಿದ. ಭಗ್ ಎಂದು ಬೆಂಕಿ! ಹೊಗೆಯಿಲ್ಲ, ಬೂದಿಯಿಲ್ಲ. ಒಳಗೆ ಥೇಟ್ ಸೌದೆಯಂತೆ ಕಾಣುವ ತುಂಡುಗಳು, ಮುಟ್ಟಿದರೆ ಪಿಂಗಾಣಿ.

"ಈ ಸೌದೆ ಸುಡಲ್ವಾ?" ಚಿಕ್ಕಪ್ಪ ಕೇಳಿದರು.

"ಎಷ್ಟು ವರ್ಷ ಆದ್ರೂ ಸುಡಲ್ಲ ಸಾರ್!"

"ಮಧ್ಯೆ ಮಧ್ಯೆ ಏನಾದ್ರೂ ತಳ್ಬೇಕಾ, ಕೆದಕ್ಬೇಕಾ?"

"ಏನೂ ಬೇಕಿಲ್ಲ. ಆರಾಮಾಗಿ ಸುಮ್ನೆ ಕೂತ್ಕೋಬೋದು."

"ಸುಮ್ನೇನಾ?" ಚಿಕ್ಕಪ್ಪ ಚಿಕ್ಕಮ್ಮನ ಕಡೆ ತಿರುಗಿದರು. ಆಕೆ ಬೆಂಕಿಗೆ ಬೆನ್ನು ಹಾಕಿ, ಅಂಗಡಿಯವನ ಮೇಜಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಿದ್ದಳು. "ಹಂಗಾದ್ರೆ ಬೇಡಪ್ಪ" ಎಂದವರೇ ಹೊರಗೆ ನಡೆದುಬಿಟ್ಟರು!

ತೊಂದರೆಯಿದೆ ಎಂದು ವಸ್ತುವನ್ನು ಬೇಡವೆಂದವರನ್ನು ಆ ಅಂಗಡಿಯವನು ನೋಡಿರಬಹುದು. ತೊಂದರೆಯಿಲ್ಲ ಎಂದು ಬೇಡವೆಂದವರು ಇವರೇ ಮೊದಲಿಗರು. ನನಗೆ ಎಷ್ಟು ಸಿಟ್ಟು ಬಂತೆಂದರೆ, ವಾಪಸು ಬರುವಾಗ ದಾರಿಯುದ್ದಕ್ಕೂ ಕಾರಿನ ನಾಲ್ಕೂ ಕಿಟಕಿ ಇಳಿಸಿಬಿಟ್ಟೆ. ಚಿಕ್ಕಪ್ಪ ಚಳಿ ಎನ್ನಲಿ, ನೋಡೋಣ! ಅವರೋ ಪಕ್ಕದ ಚಿಕ್ಕಮ್ಮನಿಗೆ ತಮ್ಮ ಶಾಲು ಹೊದೆಸಿ, "ಸ್ವಲ್ಪ ಹಿಡ್ಕೋ, ಜಾರ್ತಿದೆ" ಎಂದರು.

ಮುಂದಿನ ವಾರ ಚಿಕ್ಕಮ್ಮನ ತಮ್ಮ ಕೆಂಚಾರ್ಲಹಳ್ಳಿಯ ತೋಟದಿಂದ ಟೆಂಪೋದಲ್ಲಿ ಹಿಪ್ಪುನೇರಳೆ ಕಡ್ಡಿ ತಂದುಹಾಕಿದರು. ಸೊಪ್ಪನ್ನು ಹುಳ ತಿಂದಮೇಲೆ ಉಳಿಯುವ ಈ ಕಡ್ಡಿ ಒಣಗಿದರೆ ಒಳ್ಳೆಯ ಉರಿ. ಇಳಿಸುವಾಗ ಅವರು ನನ್ನ ಹತ್ತಿರ ಬಂದು ಗೊಣಗಿದರು. "ಭಾವನ ತಲೆ ಸರಿ ಇದೆಯೇನಮ್ಮ? ಒಣಗಿದ್ದರ ಜೊತೆ ಹಸಿ ಕಡ್ಡೀನೂ ಬೇಕೇ ಬೇಕು ಅಂದ್ರು. ಹಸೀದು ಉರಿಯಲ್ಲ ಭಾವ ಅಂದ್ರೆ, ಉರೀದಿದ್ರೇನೆ ನಂಗೆ ಕೆಲಸ ಆಗೋದು ಅಂತಾರೆ!" ನಾನು ತಲೆ ಸರಿ ಇದೆಯೆಂದು ಭರವಸೆ ಕೊಡಲು ಹೋಗಲಿಲ್ಲ.

ಧನುರ್ಮಾಸದ ಒಂದು ಬೆಳಗ್ಗೆ, ಎದುರುಮನೆ ಕಾಣದಷ್ಟು ಮಂಜು. ಹಿಂದಿನ ದಿನ ಬಂದು ಉಳಿದಿದ್ದ ನಾನು ಕೆಮ್ಮುತ್ತಲೇ ಎದ್ದೆ. ಹಾಲಿಗೆ ಬಂದರೆ ಮಂಜು ಒಳಗಿದೆಯೋ ಹೊರಗಿದೆಯೋ ತಿಳಿಯಲಿಲ್ಲ. ಆ ಹೊಗೆಯ ನಡುವೆ ಮಂಕಿ ಕ್ಯಾಪಿನ ಆಕೃತಿಯೊಂದು ಗೂಡಿನ ಮುಂದೆ ಮಂಡಿಯೂರಿ, ಹಸಿ ಕಡ್ಡಿಗಳನ್ನು ಬುಡದವರೆಗೆ ತುರುಕಿ, ಫೂ ಫೂ ಎಂದು ಊದುತ್ತಿತ್ತು. ಪಕ್ಕದ ಮನೆಯವರು ಬಕೆಟ್ಟಿನಲ್ಲಿ ನೀರು ಹಿಡಿದು ಬಾಗಿಲಿಗೆ ಓಡಿಬಂದರು!

ಅಡುಗೆಮನೆಯಿಂದ ಚಿಕ್ಕಮ್ಮ ಬಂದಳು. ಸೊಂಟಕ್ಕೆ ಸೆರಗು ಸಿಕ್ಕಿಸಿ ಒಂದು ಕ್ಷಣ ನೋಡಿದಳು. ಒಲೆಯನ್ನು ಹಾಗೆ ಹಿಂಸಿಸುವುದನ್ನು ನೋಡಿ ಆಕೆಗೆ ತಡೆಯಲಾಗಲಿಲ್ಲ.

"ಏನ್ರೀ ಇದು, ಉರಿ ಹಾಕೋ ರೀತೀನಾ ಇದು? ಸರೀರಿ ಆ ಕಡೆ!"

ಮಣೆ ಎಳೆದುಕೊಂಡು ಕೂತೇಬಿಟ್ಟಳು. ಹಸಿ ಕಡ್ಡಿಗಳನ್ನು ಹೊರಗೆಳೆದು ಬದಿಗಿಟ್ಟಳು. ಒಣಗಿದವನ್ನು ಒಂದರ ಮೇಲೊಂದು ಅಡ್ಡಡ್ಡ ಇಟ್ಟು, ಅಡಿಯಲ್ಲಿ ಗಾಳಿಗೆ ಜಾಗ ಬಿಟ್ಟಳು. ಉರಿ ಎದ್ದಿತು, ಹೊಗೆ ದಾರಿ ಹುಡುಕಿಕೊಂಡು ಚಿಮಣಿ ಏರಿತು. ಒಂದು ಕಡ್ಡಿ ತಳ್ಳುವುದು, ಇನ್ನೊಂದನ್ನು ಹಿಂದೆಳೆಯುವುದು, ಕೆಂಡ ಕೆದಕುವುದು. ಕೈಗಳು ಉರಿಯ ಎದುರೇ ಇದ್ದವು. ನೋಡನೋಡುತ್ತ ಆ ಗಂಟುಗಂಟಾದ ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಅದು ಆಕೆಯ ಗಮನಕ್ಕೇ ಬರಲಿಲ್ಲ. ನನ್ನ ಕಣ್ಣಲ್ಲಿ ನೀರು ಬಂತು, ಹೊಗೆ ಆಗಲೇ ಹೋಗಿತ್ತು.

ಚಿಕ್ಕಪ್ಪನನ್ನು ಹುಡುಕಿಕೊಂಡು ಜಗಲಿಗೆ ಬಂದೆ. ಅವರು ಆ ಮಂಜಿನಲ್ಲಿ ಸ್ವೆಟರು ಕಳಚಿ, ಬನಿಯನ್ನಿನಲ್ಲಿ ನಿಂತಿದ್ದರು. ತಲೆಯ ಮೇಲೆ ಕ್ಯಾಪಿರಲಿಲ್ಲ. ಅದು ಅವರ ಕೈಯಲ್ಲಿತ್ತು, ಅದರಿಂದ ಗಾಳಿ ಬೀಸಿಕೊಳ್ಳುತ್ತಿದ್ದರು. ಎರಡೂ ಕಿವಿ ಇದ್ದವು!

"ಚಿಕ್ಕಪ್ಪ! ಚಳಿ?"

"ನಂಗೆಲ್ಲಿ ಚಳಿ ಕಣೇ, ಸೆಕೇಲಿ ಬೆಂದುಹೋಗಿದೀನಿ" ಎಂದು ಒಳಗೊಮ್ಮೆ ಇಣುಕಿ ದನಿ ತಗ್ಗಿಸಿದರು. "ನಿಂಗೆ ಅಂತ ತಂದಿದೀನಿ ಅಂದ್ರೆ ಅವಳು ಸೀದಾ ಅಂಗಡಿಗೆ ವಾಪಸ್ ಕಳಿಸ್ತಾಳೆ. ನಂಗೆ ಚಳಿ ಅಂದ್ರೆ ಮನೇಲಿ ರಗ್ಗು ಬರುತ್ತೆ, ಬಿಸಿನೀರಿನ ಚೀಲ ಬರುತ್ತೆ, ಅವಳಿಗೂ ಸಿಗುತ್ತೆ."

"ಹಾಗಂತ ಮೇ ತಿಂಗಳಲ್ಲೂನಾ?"

"ಬೇಸಿಗೇಲಿ ತೆಗೆದ್ರೆ ಅವಳಿಗೆ ಅನುಮಾನ ಬರಲ್ವೇನೇ? ಬಲು ಚುರುಕು ಅವಳು." ಕ್ಯಾಪು ಬೀಸುವುದನ್ನು ನಿಲ್ಲಿಸಿದರು. "ಆ ರೆಸಾರ್ಟ್‌ನಲ್ಲಿ ಯಾರೂ ನೋಡ್ತಿಲ್ಲ ಅಂದ್ಕೊಂಡು ಬೆಂಕಿಗೆ ಕೈ ಚಾಚಿದ್ಲು. ನಾನು ಹತ್ರ ಹೋದ ತಕ್ಷಣ ಎಳ್ಕೊಂಬಿಟ್ಲು. ಗ್ಯಾಸ್ ಹಾಕ್ಸಿದ್ರೆ ಅವಳಿಗೆ ಅಲ್ಲೇನು ಕೆಲಸ ಹೇಳು? ಕೆಲಸ ಇಲ್ದೆ ಅವಳು ಕೂರಲ್ಲ. ಎಷ್ಟು ಗೂಡು ಬಿಚ್ಚಿದ ಕೈ ಕಣೇ ಅದು. ಆ ಕೈಗೂ ಒಂದು ಗೂಡು ಬೇಡ್ವಾ?"

ಅಷ್ಟರಲ್ಲಿ ಒಳಗಿನಿಂದ ಚಿಕ್ಕಮ್ಮನ ದನಿ ಬಂತು.

"ರೀ, ಎಲ್ಲಿ ಹೋದ್ರಿ? ಚಳಿ ಚಳಿ ಅಂತ ಸಾಯ್ತಿದ್ರಲ್ಲ, ಬನ್ನಿ ಈಗ, ಚೆನ್ನಾಗಿ ಉರೀತಿದೆ."

ಚಿಕ್ಕಪ್ಪ ಗಡಿಬಿಡಿಯಿಂದ ಸ್ವೆಟರು ತೊಟ್ಟರು. ಬೆವರಿದ ಹಣೆ ಒರೆಸಿಕೊಂಡು, ಮಂಕಿ ಕ್ಯಾಪನ್ನು ಎರಡೂ ಕಿವಿ ಮುಚ್ಚುವಂತೆ ಕೆಳಗೆಳೆದುಕೊಂಡರು. ಅಂಗೈ ಉಜ್ಜುತ್ತ, ಹಲ್ಲು ಕಟಕಟಿಸುತ್ತ ಒಳಗೆ ನಡೆದರು.

"ಬಂದೆ ಕಣೇ. ಅಬ್ಬಬ್ಬ, ಏನ್ ಚಳಿ, ಏನ್ ಚಳಿ!"