ಅಕ್ಕನ ಸೈಡ್‌ಕಾರ್

ಹಳೆಯ ಬ್ರಿಟಿಷ್ ಬೈಕುಗಳ ಮೇಲೆ ನನಗೆ ಭಕ್ತಿಯೂ ಇಲ್ಲ, ತಿಳಿವಳಿಕೆಯೂ ಇಲ್ಲ. ಒಂದು ಕಪ್ಪು, ಇನ್ನೊಂದು ಹಸಿರು, ಎರಡೂ ಎಣ್ಣೆ ಸೋರಿಸುತ್ತವೆ ಎಂಬಲ್ಲಿಗೆ ನನ್ನ ಪಾಂಡಿತ್ಯ ಮುಗಿಯುತ್ತದೆ. ಇಂಥವನಿಗೆ ಭಾವನಾಗಿ ಸಿಕ್ಕವರು ಮುಂಬಯಿಯ ಗ್ಯಾರೇಜಿನಲ್ಲಿ ಅಂಥ ಗಾಡಿಗಳನ್ನೇ ಬಿಚ್ಚಿ ಕಟ್ಟಿ ತಲೆ ನರೆಸಿಕೊಂಡವರು. ಅಕ್ಕನೊಂದಿಗೆ ಕೋಟೇಶ್ವರಕ್ಕೆ ಮರಳುವಾಗ ಅವರು ಮರೆಯದೆ ತಂದದ್ದು ಒಂದು ಹಳೆಯ ಬೈಕು. ಊಟಕ್ಕೆ ಕೂತರೂ ಅದರದೇ ಮಾತು. ಒಂದೇ ಕಂಪನಿಯ ಎರಡು ಮಾಡೆಲ್ ಅವಳಿಗಳಂತೆ ಕಂಡರೂ ಒಂದರ ಕುತ್ತಿಗೆ, ಎಂದರೆ ಮುಂದಿನ ಚಕ್ರ ಹಿಡಿಯುವ ಫೋರ್ಕ್, ನೆಟ್ಟಗಿರುತ್ತದೆ, ಇನ್ನೊಂದರದು ಹಿಂದಕ್ಕೆ ವಾಲಿರುತ್ತದೆ, ಗಾಡಿಯ ಗುಣವೆಲ್ಲ ಅದರಲ್ಲೇ ಇದೆ ಎಂದು ಬಂಗುಡೆಯ ಮುಳ್ಳನ್ನು ಬಟ್ಟಲಂಚಿಗೆ ಓರೆಯಾಗಿಟ್ಟು ತೋರಿಸುತ್ತಿದ್ದರು. ನಾನು ತಲೆಯಾಡಿಸುತ್ತ ಇನ್ನಷ್ಟು ಸಾರು ಬಡಿಸಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಅಕ್ಕನ ಕಿಡ್ನಿ ಕೈಕೊಟ್ಟಿತು. ಡಯಾಲಿಸಿಸ್‌ಗೆ ಕುಂದಾಪುರಕ್ಕೆ ಹೋಗಬೇಕು. ಬಸ್ಸಿನ ಮೆಟ್ಟಿಲು ಹತ್ತಲಾಗದು, ರಿಕ್ಷಾದಲ್ಲಿ ಊದಿದ ಕಾಲು ಚಾಚಲಾಗದು. ಭಾವ ಬೈಕಿನ ಎಡಮಗ್ಗುಲಿಗೆ ಒಂಟಿ ಚಕ್ರದ ತೊಟ್ಟಿಲಿನಂಥ ಸೈಡ್‌ಕಾರ್ ಕಟ್ಟಿದರು. ಕಟ್ಟಿದ್ದೇ ಹ್ಯಾಂಡಲ್ ಕಲ್ಲಾಯಿತು, ತಿರುಗಿಸಿ ತಿರುಗಿಸಿ ಅವರ ಭುಜ ಹಿಡಿದುಕೊಂಡಿತು. ಬೈಂದೂರಿನ ಗುಜರಿಯಲ್ಲಿ ಅದೇ ಗಾಡಿಯ ಅವಳಿಯ ಫೋರ್ಕ್ ಸಿಕ್ಕಿತು. ಅದು ಸೈಡ್‌ಕಾರಿಗೆಂದೇ ಮಾಡಿದ್ದು. ಮುಂದಿನ ಚಕ್ರವನ್ನು ತುಸು ಮುಂದಕ್ಕೆ ಹಿಡಿಯುತ್ತದೆ. ಅದನ್ನು ಹಾಕಿದ ಮೇಲೆ ಹ್ಯಾಂಡಲ್ ಹೂವಿನಷ್ಟು ಹಗುರ. ಅಕ್ಕ ಕೊಡೆ ಮಡಚಿ ಮಡಿಲಲ್ಲಿಟ್ಟು ಮಹಾರಾಣಿಯ ಹಾಗೆ ಕೂತು, "ಹ್ವಾಯ್, ಮೆಲ್ಲ ಬಿಡಿ. ಆಸ್ಪತ್ರೆ ಎಲ್ಲಿಗೂ ಹೋತಿಲ್ಲೆ, ಹೋಪ್ದ್ ನಾನೇ" ಎನ್ನುತ್ತಿದ್ದಳು. ಭಾವ ನಗುತ್ತಿರಲಿಲ್ಲ. ವೇಗ ಮಾತ್ರ ಇಳಿಸುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕ ಹೋದಳು. ಉತ್ತರಕ್ರಿಯೆ ಮುಗಿದ ಮರುದಿನವೇ ಭಾವ ಸೈಡ್‌ಕಾರನ್ನು ಬಿಚ್ಚಿ ಕೊಟ್ಟಿಗೆಗೆ ನೂಕಿ, ಬೈಕೊಂದನ್ನೇ ಹತ್ತಿ ಹೊರಟರು. ಕುಂಭಾಶಿಯ ಹತ್ತಿರ ಹೆದ್ದಾರಿಯಲ್ಲಿ ಹ್ಯಾಂಡಲ್ ಅತ್ತಿಂದಿತ್ತ ತಲೆ ಕೊಡವತೊಡಗಿ ಗಾಡಿ ಅವರನ್ನು ಎತ್ತಿ ಹಾಕಿತು. ಹೆಗಲೆಲುಬು ಮುರಿಯಿತು, ಮುಖವೆಲ್ಲ ತರಚಿತು. ಹಿಂದೆ ಬರುತ್ತಿದ್ದ ಲಾರಿಯವನು ಬ್ರೇಕ್ ಹಾಕಿದ್ದರಿಂದ ಉಳಿದರು.

ಆಸ್ಪತ್ರೆಯಲ್ಲಿ ಕೇಳಿದೆ. "ಎಂತ ಆಯ್ತ್ ಭಾವ?"

"ಆ ಫೋರ್ಕ್ ಮೂರ್ ಚಕ್ರಕ್ಕೆ ಮಾಡಿದ್ದ್. ಎರಡ್ರ್ ಮೇಲೆ ನಿಲ್ಲುಕೆ ಅದ್ಕೆ ಗೊತ್ತಿಲ್ಲೆ."

"ಅದ್ ನಿಮ್ಗೆ ಗೊತ್ತಿತ್ತಲ್ದಾ?"

ಭಾವ ಫ್ಯಾನು ನೋಡುತ್ತ ಮಲಗಿದ್ದರು. ನಾನು ಮತ್ತೆ ಕೇಳಲಿಲ್ಲ. ಅವರು ಉತ್ತರ ಹೇಳಿಬಿಟ್ಟರೆ ಅದನ್ನು ಕೇಳಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಹೆಗಲು ಕೂಡಿದ ಮೇಲೆ ಗಾಡಿಯನ್ನು ಮಾರಿಬಿಡಿ ಎಂದೆ. ಕೇಳಲಿಲ್ಲ. ಹಳೇ ಫೋರ್ಕನ್ನಾದರೂ ಹಾಕಿ ಎಂದೆ. "ಇದ್ ಅವ್ಳಿಗೆಂದೇ ಹಾಕಿದ್ದ್. ಬಿಚ್ಚುದಿಲ್ಲೆ" ಎಂದರು. ಉಳಿದದ್ದು ಒಂದೇ ದಾರಿ: ಸೈಡ್‌ಕಾರನ್ನು ತಿರುಗಿ ಕಟ್ಟುವುದು. ನಾನೇ ಕೊಟ್ಟಿಗೆಯಿಂದ ಎಳೆದು ತಂದೆ, ಬೋಲ್ಟು ಹಿಡಿದುಕೊಂಡೆ. ಆದರೆ ಖಾಲಿ ಸೈಡ್‌ಕಾರ್ ಎಡ ತಿರುವಿನಲ್ಲಿ ನೆಲ ಬಿಟ್ಟು ಏಳುತ್ತದಂತೆ. ಹಾಗಾದರೆ ಒಂದು ಚೀಲ ಮರಳು ಹಾಕುವ ಎಂದು ಬುದ್ಧಿವಂತಿಕೆ ತೋರಿಸಿದೆ.

ಭಾವ ನನ್ನನ್ನು ಮೇಲಿಂದ ಕೆಳಗೆ ಅಳೆದರು. "ಮರಳ್ ಎಂತಕೆ? ನೀ ಇದ್ಯಲೆ."

ಹೀಗೆ ನಾನು ದಿನಾ ಸಂಜೆ ಅಕ್ಕನ ಜಾಗದಲ್ಲಿ, ಅವಳ ಅಳತೆಗೆ ಮೊಣಕಾಲು ಮಡಚಿ ಕೂರುತ್ತೇನೆ. ಭಾವನನ್ನು ಒಬ್ಬರೇ ಬಿಡಬಾರದು, ಅದಕ್ಕೇ ಕಾವಲಿದ್ದೇನೆ ಎಂದು ಹೆಂಡತಿಗೆ ಹೇಳಿದ್ದೇನೆ. ಭಾವನ ಲೆಕ್ಕ ಬೇರೆ. ಮೊನ್ನೆ ಮೀನು ಮಾರುಕಟ್ಟೆಯ ಹತ್ತಿರ ಪರಿಚಯದವರೊಬ್ಬರು ನನ್ನನ್ನು ಕಂಡು ಗಾಬರಿಯಾಗಿ, "ಎಂತ ಮಾರಾಯ್ರೆ, ಇವ್ರಿಗೂ ಹುಷಾರಿಲ್ಯಾ?" ಎಂದು ಕೇಳಿದರು.

"ಹುಷಾರಿದ್ದ," ಎಂದರು ಭಾವ. "ಭಾರಕ್ಕೆ ಕೂರ್ಸಿದ್ದ್."

ಕಳೆದ ವಾರ ನನ್ನ ಡಾಕ್ಟರರು ತೂಕ ಇಳಿಸಲೇಬೇಕು ಎಂದಿದ್ದಾರೆ. ಭಾವನಿಗೆ ಇನ್ನೂ ಹೇಳಿಲ್ಲ.