ಒಂದಾ ಗಾಳಿ, ಎರಡು ರೇಡಿಯೋ, ನನ್ನ ಲಗ್ನ

ನಗೋ ಪ್ರಸಂಗ ನಾನೇನು ಹುಡುಕ್ಕೋತ ಹೋಗಂಗಿಲ್ರಿ. ನಾ ಇಸ್ಕ್ರೂ ಬಿಚ್ಚಾಕ ಕುಂತ್ರ ಸಾಕು, ಅವು ತಾವಾ ಬಂದು ಮಗ್ಗಲದಾಗ ಚಕ್ಕಳಮಕ್ಕಳ ಹಾಕಿ ಕೂಡ್ತಾವ. ನಿಜಾಮರ ರಾಜ್ಯದಾಗ ಕಲಬುರ್ಗ್ಯಾಗ ರೇಡಿಯೋ ರಿಪೇರಿ ಮಾಡಾಂವ ನಾನೊಬ್ಬನಾ. ಇನ್ನೊಬ್ಬ ಇದ್ದ ಅಂತ ಯಾರರ ಹೇಳಿದ್ರ ನಂಬಬ್ಯಾಡ್ರಿ. ನಾ ಹೇಳೋದ್ರಾಗ ರುಪಾಯಿಗಿ ನಾಕಾಣೆ ಖರೆ ಅದ. ಉಳದ ಹನ್ನೆರಡಾಣೆ ನಿಮ್ಮ ಮ್ಯಾಲಿನ ಪ್ರೀತಿ.

೧. ಕುಂಯ್!

ನಮ್ಮೂರಾಗಿನ ಗಾಜಿಪುರ ಓಣ್ಯಾಗ ಎದುರು-ಬದುರು ಎರಡು ಮನಿ. ಒಂದು ತಹಶೀಲ್ದಾರ ಸಾಹೇಬ್ರದು, ಇನ್ನೊಂದು ಅರಿವಿ ಅಂಗಡಿ ಸಾವ್ಕಾರಂದು. ಇಬ್ಬರ ಮನ್ಯಾಗೂ ರೇಡಿಯೋ. ಇಬ್ಬರಿಗೂ ಸಂಜಿಗಿ ಹೈದ್ರಾಬಾದಿನ ಹಾಡಾ ಆಗಬೇಕು.

ಆಗಿನ ಪೆಟ್ಟಿಗಿಗಿ ಒಂದು ಗುಂಡಿ ಇರ್ತಿತ್ತು. ತಿರುವಿದಂಗ ಆವಾಜ್ ಏರ್ತದ. ಅತೀ ತಿರುವಿದ್ರ ಪೆಟ್ಟಿಗಿ ಕೇಳೋದು ಬಿಟ್ಟು ತಾನಾ ಗಾಳಿಗಿ ಒದರಾಕತ್ತದ. ಎದುರಿನ ಮನಿ ರೇಡಿಯೋದಾಗ ಹಾಡು ಮುಚ್ಚಿ "ಕುಂಯ್" ಅಂತ ಸೀಟಿ!

ಸಾವ್ಕಾರ ಏರಿಸಿದ್ರ ಸಾಹೇಬ್ರಿಗಿ ಸೀಟಿ. ಆ ಸೀಟಿ ಅಡಗಲಿ ಅಂತ ಸಾಹೇಬ್ರು ಏರಿಸಿದ್ರ ಸಾವ್ಕಾರಗ ಸೀಟಿ. ಓಣಿ ನಾಯಿಗೋಳು ಬ್ಯಾಸತ್ತು ತಾಜಸುಲ್ತಾನಪುರಕ್ಕ ಹೋಗಿ ಸಂಸಾರ ಹೂಡಿದ್ವು.

"ಅಪ್ಪಾರ, ಜರಾ ತಗ್ಗಸ್ರಿ. ಇಬ್ಬರೂ ತಗ್ಗಿಸಿದ್ರ ಇಬ್ಬರಿಗೂ ಚಂದ ಕೇಳ್ತದ," ಅಂದೆ ಸಾವ್ಕಾರಗ.

"ಅವರು ಮೊದಲ ತಗ್ಗಿಸ್ಲಿ."

ಸಾಹೇಬ್ರ ಹಂತ್ಯಾಕ ಹೋದೆ. "ಅರೆ ಭಾಯಿ, ಪೆಹಲೆ ಅವರು!"

ನಡು ಓಣ್ಯಾಗ ನಿಂತು ಇಬ್ಬರಿಗೂ ಕೈ ಮುಗದೆ. ಇಬ್ಬರೂ ಕಿಡಕಿ ತೆಗದು ನನಗಾ ಬೈದ್ರು. ಅದೊಂದ್ರಾಗ ಮಾತ್ರ ಒಬ್ಬರಿಗೊಬ್ಬರು ಅಡ್ಡ ಬರಲಿಲ್ಲ!

೨. ಬಾಳಿಹಣ್ಣಿನ ಗಾಡಿ

ಆವಾಗ ನನ್ನ ಲಗ್ನದ ಮಾತು ನಡದಿತ್ತು. ಹೆಣ್ಣು ಕಮಲಾಪುರದ್ದು, ಅವರಪ್ಪ ಕೆಂಪು ಬಾಳಿ ತೋಟದಾಂವ. ಆಕಿನ್ನ ಒಂದಾ ಸಲ ನೋಡಿದ್ದೆ. ಆವತ್ತಿನಿಂದ ಯಾರ ರೇಡಿಯೋ ಬಿಚ್ಚಿದ್ರೂ ಹೊಳ್ಳಿ ಜೋಡಸಾಕ ಬರವಲ್ದಾಗಿತ್ತು.

ಅವರಪ್ಪ ನನ್ನ ಉದ್ಯೋಗ ಏನಂತ ನೋಡಾಕ ಗಾಡಿ ತುಂಬ ಬಾಳಿಹಣ್ಣು ಹೇರಿಕೊಂಡು ಗಾಜಿಪುರಕ್ಕ ಬಂದ. ಅದಾ ಹೊತ್ತಿಗಿ ಎರಡೂ ಮನಿ ಗುಂಡಿ ಏರಿದ್ವು. ಕುಂಯ್! ಎತ್ತು ಬೆದರಿದ್ವು, ಗಾಡಿ ಬೋರಲು ಬಿತ್ತು. ಒಂದು ಗೊನಿ ಹಾರಿ ಸಾಹೇಬ್ರ ಮಾಳಗಿ ಮ್ಯಾಲಿನ ರೇಡಿಯೋ ತಂತಿಗಿ ಜೋತು ಬಿತ್ತು. ದೇವರಾಣೆ, ಆವಾಗಿಂದ ಸ್ಟೇಷನ್ ಮತ್ತೂ ಚಲೋ ಹತ್ತಿತು!

ಅಂವ ಧೋತರ ಜಾಡಿಸ್ಕೋತ ಎದ್ದ. "ಪಿಶಾಚಿ ಸಾಕೋದೇನೋ ನಿನ್ನ ಉದ್ಯೋಗ?"

"ಪಿಶಾಚಿ ಅಲ್ರಿ ಮಾವ, ಅದು ಹಾಡ್ತದ."

"ಸೋಮಾರ ಕೇಳಾಕ ಬರ್ತೀನಿ. ಸೀಟಿ ಕೇಳ್ತೋ, ಮಗಳ್ನ ಕೊಡಂಗಿಲ್ಲ. ಮಾವ ಅನ್ನೋದು ಹಾಡು ಕೇಳಿದ ಮ್ಯಾಲ!"

೩. ತಗ್ಗೋ ಜಿದ್ದು

ಸೋಮಾರದೊಳಗ ಗುಂಡಿ ತಗ್ಗಬೇಕು, ಇಲ್ಲಂದ್ರ ನಾ ಬ್ರಹ್ಮಚಾರಿ. ಸಾವ್ಕಾರನ ಕಿವ್ಯಾಗ ಹೇಳಿದೆ: "ಸಾಹೇಬ್ರು ನಿಮ್ಮ ಸಲುವಾಗಿ ತಗ್ಗಿಸ್ಯಾರ್ರಿ. ನೆರಿಮನ್ಯಾಂವ ಭಾಳ ದೊಡ್ಡ ಮನಷ್ಯಾ ಅಂದ್ರು." ಸಾಹೇಬ್ರಿಗೂ ಅದಾ ಸುಳ್ಳು, ಉರ್ದು ಅತ್ತರು ಹಚ್ಚಿ.

"ನಾ ಏನು ಕಮ್ಮಿ?" ಅಂತ ಸಾವ್ಕಾರ ತಗ್ಗಿಸಿದ. "ತೌಬಾ, ನನ್ನ ಸಲುವಾಗಿ ಅವರಿಗಿ ತಕಲೀಫಾ?" ಅಂತ ಸಾಹೇಬ್ರು ಮತ್ತೂ ತಗ್ಗಿಸಿದ್ರು. ಎರಡು ದಿನ ಹಾಡು ಗಂಟಿ ಬಡದಂಗ ಕೇಳ್ತು, ಓಣಿ ಮಂದಿ ನನಗ ಹಾರ ಹಾಕಿದ್ರು. ಆದ್ರ ಇವರ ಮರ್ಯಾದಿ ಅಲ್ಲಿಗಾ ನಿಲ್ಲಬೇಕಲ್ಲ! ಶನಿವಾರಕ್ಕ ಹಾಡು ಸೊಳ್ಳಿ ಗುಂಯ್ ಅಂದಂಗಾತು. ಐತಾರ ಸೊಳ್ಳಿನೂ ಇಲ್ಲ.

"ಅಪ್ಪಾರ, ಜರಾ ಏರಸ್ರಿ!" ಅಂತ ಕಾಲಿಗಿ ಬಿದ್ದೆ.

"ಛೇ ಛೇ! ಅವರು ಮೊದಲ ಏರಿಸ್ಲಿ!"

೪. ಕಿವಿ ರಿಪೇರಿ

ಸೋಮಾರ ಹೆಣ್ಣಿನಪ್ಪ ಬಂದ. ಸಾವ್ಕಾರನ ಪಡಸಾಲ್ಯಾಗ ಜಮಖಾನಿ. ಸಾವ್ಕಾರ ಸಾಹೇಬ್ರನ್ನೂ ಕರಸಿ ರೇಡಿಯೋ ಮುಂದ ಕೂಡ್ರಿಸಿದ್ದ. ಸಾಹೇಬ್ರ ಎದುರಿಗಿ ಗುಂಡಿ ಏರಿಸೋದು ಬೇಅದಬಿ, ಮರ್ಯಾದಿಗೇಡು ಅಲ್ಲೇನ್ರಿ? ಪೆಟ್ಟಿಗಿ ಗಪ್‌ಚುಪ್.

"ವಾಹ್! ಏನು ಮುಲಾಯಂ ಹಾಡಾಕತ್ತಾರ!" ಅಂದ್ರು ಸಾಹೇಬ್ರು, ಸಾವ್ಕಾರನ ಮನಸ್ಸು ನೋಯಬಾರದಂತ.

"ಬೆಣ್ಣಿರೀ, ಬೆಣ್ಣಿ!" ಅಂದ ಸಾವ್ಕಾರ. ಕುಂತವರೆಲ್ಲ ತಲಿ ಅಳ್ಳಾಡಸಾಕತ್ರು.

ಹೆಣ್ಣಿನಪ್ಪ ಪೆಟ್ಟಿಗಿ ನೋಡಿದ, ಮಂದಿ ತಲಿ ನೋಡಿದ, ಕಿವ್ಯಾಗ ಬೆರಳ ಇಟ್ಟು ಗಡಗಡ ತಿರುವಿದ. ಮಾರಿ ಬೆಳ್ಳಗ ಆತು. ನನ್ನ ಕಡಿ ಬಾಗಿ, "ತಮ್ಮಾ, ಆವತ್ತಿನ ಸೀಟಿಗಿ ನನ್ನ ಕಿವಿ ಹೋಗ್ಯಾವೇನೋ? ಮಾತು ಕೇಳ್ತದ, ಹಾಡಷ್ಟಾ ಕೇಳವಲ್ದು," ಅಂದ.

"ಅಂಜಬ್ಯಾಡ್ರಿ. ರಿಪೇರಿ ಮಾಡ್ತೀನಿ."

ಒಂದು ಕೈಲೆ ಅವನ ಕಿವಿ ಹಿಡದೆ, ಇನ್ನೊಂದು ಕೈ ಯಾರಿಗೂ ಕಾಣದಂಗ ಚಾಚಿ ಗುಂಡಿ ಒಂದು ಕೂದಲೆಳಿ ತಿರುವಿದೆ. ಬಂತು ನೋಡ್ರಿ ಹಾಡು, ಹಾಲಿನಂಥಾದ್ದು! ಅಂವನ ಕಣ್ಣಾಗ ನೀರು. "ಕಿವಿ ಕೊಟ್ಟಾಂವಗ ಮಗಳ್ನ ಕೊಡದಿದ್ರ ದೇವರು ಮೆಚ್ಚತಾನೇನೋ, ಅಳಿಯಾ!"

ಆ ಇಬ್ಬರು ಪುಣ್ಯಾತ್ಮರು ಜಗಳಾಡಿ, ದಿನಾ ರಿಪೇರಿಗಿ ಕರದು ನನಗ ಕೂಳು ಕೊಟ್ರು, ಮರ್ಯಾದಿ ಮಾಡಿ ಹೆಂಡತಿ ಕೊಟ್ರು. ಇವತ್ತಿಗೂ ಇಬ್ಬರನ್ನೂ ನೆನಸೇ ಊಟಕ್ಕ ಕೂಡ್ತೀನಿ.

ಆದ್ರ ಮಾವ ಬಾಯಿ ಮುಚ್ಚಿ ಕೂಡಬೇಕಲ್ಲ! ಲಗ್ನದ ದಿನ ನನ್ನ ಬಾಸಿಂಗ ಇನ್ನೂ ಬಿಚ್ಚಿಲ್ಲ, ಕಮಲಾಪುರದಾಗಿನ ಕಿವಿ ಮಂದ ಆದ ಮುದುಕರೆಲ್ಲ ಪಾಳಿ ಹಚ್ಚಿ ನಿಂತಾರ. ಮುಂದಿನ ಅಜ್ಜ ತಲಿ ವಾರಿ ಮಾಡಿ ಒದರಿದ:

"ಅಳಿಯಾ, ನಂದು ಬಲಗಿವಿ ಅಷ್ಟಾ ಏರಸಪ್ಪ! ಎಡಗಡಿ ಮುದುಕಿ ಮಲಗ್ತಾಳ!"